ಗಟ್ಟಿ ಬಣ್ಣದ ಪಾಲಿಶಣ್ಣ

ನಮ್ಮ ಪಕ್ಕದ ಶೆಡ್ಡಿನಲ್ಲಿ ಕನ್ನಡಿ ಇರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಪಾಲಿಶಣ್ಣನಿಗೆ ಅದು ಬೇಕಾಗಿಯೂ ಇರಲಿಲ್ಲ. ಒಂದು ಕಾರಿನ ಪಾಲಿಶ್ ಮುಗಿಯಿತೆಂದರೆ ಅವರು ಅದರ ಮುಂದಿನ ಬಾಗಿಲೆದುರು ಕುಕ್ಕರಗಾಲಿನಲ್ಲಿ ಕೂತು, ಅಂಗಿಯ ಜೇಬಿನಿಂದ ಬಾಚಣಿಗೆ ತೆಗೆದು, ಬಾಗಿಲಿನ ಬಣ್ಣದಲ್ಲೇ ಮುಖ ನೋಡಿಕೊಳ್ಳುತ್ತ ತಲೆ ಬಾಚಿಕೊಳ್ಳುತ್ತಿದ್ದರು. ಎಣ್ಣೆ ಹಚ್ಚಿದ ದಟ್ಟ ಕೂದಲು. ಬೈತಲೆ ಸೊಟ್ಟಗಾದರೆ ಅಳಿಸಿ ಮತ್ತೆ ತೆಗೆಯುವರು. ಮೀಸೆ ತೀಡಿಕೊಳ್ಳುವರು. ಆಮೇಲೆ ಎದ್ದು ನಿಂತು, ಅರ್ಧ ಗೋಡೆಯಾಚೆ ಹೊಲಿಗೆ ಮಿಷನ್ನಿನ ಮುಂದೆ ಕೂತ ನನಗೆ ಕೇಳುವಂತೆ, "ಬಾರವ್ವ, ಬಂದು ನೋಡು. ಹಿಂಗ್ ಮಾಡೋನು ತುಮಕೂರಿಂದ ಈಚೆಗೆ ಇನ್ಯಾವನವ್ನೆ ಹೇಳು" ಅನ್ನುವರು.

ನಾನು ಹೋಗಿ ನೋಡಿ, "ಚೆನ್ನಾಗೈತಣ್ಣ" ಅನ್ನುತ್ತಿದ್ದೆ. ಅಷ್ಟು ಅವರಿಗೆ ಸಾಲದು. "ಚೆನ್ನಾಗೈತೆ ಅಂದ್ರೆ ಎಂಗೆ ಚೆನ್ನಾಗೈತೆ?" ಎಂದು ಕೇಳುವರು. ನನಗೆ ತೋಚಿದ್ದನ್ನು ಹೇಳುತ್ತಿದ್ದೆ. ಬಾವಿ ನೀರಿನ ಹಾಗಿದೆ ಅಂತಲೋ, ಹೊಸ ಸ್ಟೀಲ್ ತಟ್ಟೆಯ ಹಾಗಿದೆ ಅಂತಲೋ. ಅದನ್ನು ಕೇಳಿ ಅವರು ತೃಪ್ತಿಯಿಂದ ತಲೆಯಾಡಿಸಿ, ಕಾರಿನ ಮಾಲೀಕ ಬಂದಾಗ ಆ ಮಾತನ್ನು ತಮ್ಮದೇ ಎಂಬಂತೆ ಹೇಳುತ್ತಿದ್ದರು.

ಈ ವರ್ಷ ಯುಗಾದಿ ಕಳೆದ ಸ್ವಲ್ಪ ದಿನಕ್ಕೆ, ಬೋರನಕಣಿವೆ ಕಡೆಯ ತಮ್ಮ ಹಟ್ಟಿಯಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಎದ್ದು ಕಾಫಿ ಕುಡಿದು ಜಗುಲಿಯ ಮೇಲೆ ಕೂತವರು ಹಾಗೇ ಒರಗಿದರಂತೆ. ನಮಗೆ ಸುದ್ದಿ ತಡವಾಗಿ ಬಂತು. ನಾವು ಹೊರಡುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅವರಿಗೊಂದು ಹೆಸರಿತ್ತು. ಅದನ್ನು ಇಲ್ಲಿ ಬರೆದರೆ ತಿಪಟೂರಿನಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಊರಿಗೆಲ್ಲ ಅವರು ಪಾಲಿಶಣ್ಣ.

ಕೊಬ್ಬರಿ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ಒಂದೇ ಜಿಂಕ್ ಶೀಟಿನ ಕೆಳಗೆ ಎರಡು ಶೆಡ್ಡು. ಒಂದರಲ್ಲಿ ನಾನೂ ನಮ್ಮ ಯಜಮಾನರೂ ಕಾರಿನ ಸೀಟ್ ಕವರ್ ಹೊಲಿಯುತ್ತೇವೆ. ಇನ್ನೊಂದು ಅವರದಾಗಿತ್ತು. ಅವರ ಕೆಲಸವೇನೆಂದು ನನಗೆ ಮೊದಮೊದಲು ತಿಳಿಯುತ್ತಿರಲಿಲ್ಲ. ಒಳಗೆ ಹೋಗುವಾಗಲೂ ಕಾರು ಹೊಳೆಯುತ್ತಿತ್ತು, ಹೊರಗೆ ಬರುವಾಗಲೂ ಹೊಳೆಯುತ್ತಿತ್ತು. ನಡುವೆ ದಿನಗಟ್ಟಲೆ ಮಿಷನ್ನು ಗುಂಯ್ ಅನ್ನುತ್ತಿತ್ತು. ಏನು ಮಾಡ್ತೀರಣ್ಣ ಅಂತ ಒಮ್ಮೆ ಕೇಳಿಯೇಬಿಟ್ಟೆ. ಅವರು ನನ್ನನ್ನು ಒಂದು ಕಪ್ಪು ಕಾರಿನ ಹತ್ತಿರ ಕರೆದುಕೊಂಡು ಹೋಗಿ, ಬಾನೆಟ್ಟಿನ ಮೇಲೆ ಸೂರ್ಯ ಬಿದ್ದ ಜಾಗವನ್ನು ತೋರಿಸಿದರು. ಆ ಬೆಳಕಿನ ಸುತ್ತ, ಜೇಡ ನೇಯ್ದ ಹಾಗೆ, ಸುತ್ತು ಸುತ್ತಾಗಿ ಕೂದಲಿಗಿಂತ ಸಣ್ಣ ಗೆರೆಗಳು. "ಇದು ಬಲೆ. ಧೂಳ್ ಕೂತಿರ್ತದಲ್ಲ, ಒಣ ಬಟ್ಟೇಲಿ ಒರೆಸ್ತಾರೆ. ಧೂಳೇ ಮರಳಾಯ್ತದೆ, ಬಣ್ಣ ಗೀರ್ತದೆ. ನೆಳ್ಳಲ್ಲಿ ಕಾಣಲ್ಲ. ಬಿಸಿಲಿಗೆ ಬಂದ್ರೆ ಕಾರಿನ ಬಂಡವಾಳ ಎಲ್ಲಾ ಈಚೆಗೆ ಬತ್ತದೆ. ಆ ಬಲೆ ತೆಗೆಯೋದೇ ನನ್ನ ಕಸುಬು." ಅಂದರು.

ಬಣ್ಣದ ಮೇಲಿನ ಪದರವನ್ನು ಗೆರೆ ಎಷ್ಟು ಆಳ ಇದೆಯೋ ಅಷ್ಟೇ ಸವೆಸಬೇಕು. ಅದಕ್ಕಿಂತ ಹೆಚ್ಚಾದರೆ ಬಣ್ಣವೇ ಹೋಗುತ್ತದೆ. ಕೆಲವು ಕಾರುಗಳ ಬಣ್ಣ ಮೆತ್ತಗಿರುತ್ತದಂತೆ, ಕೆಲವದು ಗಟ್ಟಿ. ಮೆತ್ತನೆಯದರಲ್ಲಿ ಗೆರೆ ಬೇಗ ಹೋಗುತ್ತದೆ, ಬೇಗ ಬರುತ್ತದೆ. ಗಟ್ಟಿ ಬಣ್ಣದಲ್ಲಿ ಕೂತ ಗೆರೆ ಸುಲಭಕ್ಕೆ ಏಳುವುದಿಲ್ಲ. ಉಣ್ಣೆಯ ಪ್ಯಾಡು ಹಾಕಿ, ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟು ಹಚ್ಚಿ, ಗೇಣಗಲ ಜಾಗದಲ್ಲಿ ಮಿಷನ್ನನ್ನು ಮತ್ತೆ ಮತ್ತೆ ಆಡಿಸುತ್ತಲೇ ಇರಬೇಕು. ಉಣ್ಣೆ ಬಿಟ್ಟ ಮಬ್ಬನ್ನು ಆಮೇಲೆ ಸ್ಪಂಜಿನ ಪ್ಯಾಡಿನಲ್ಲಿ ತೆಗೆಯಬೇಕು. ಅವರಿಗೆ ಗಟ್ಟಿ ಬಣ್ಣವೆಂದರೆ ಬಲು ಪ್ರೀತಿ. "ಮೆತ್ತಂದು ಯಾರ್ ಹೇಳಿದ್ರೂ ಕೇಳ್ತದೆ ಕಣವ್ವ. ಗಟ್ಟೀದು ನನ್ನ ಮಾತೊಂದೇ ಕೇಳೋದು" ಅನ್ನುವರು.

ಅವರದು ಕುರಿ ಸಾಕುವ ಮನೆತನ. ಹುಡುಗನಾಗಿದ್ದಾಗ ಕುರಿ ಧೂಳಿಗೆ ಬೇಸತ್ತು ತುಮಕೂರಿನ ಗ್ಯಾರೇಜು ಸೇರಿದ್ದಂತೆ. "ಬಿಳೀ ಅಂಗಿ ಹಾಕಬೇಕು ಅಂತ ಆಸೆ. ಹಟ್ಟೀಲಿ ಬಿಳೀ ಅಂಗಿ ಎಲ್ಲಿ ಉಳೀತದೆ?" ಪಾಲಿಶ್ ಕೆಲಸದಲ್ಲೂ ಅದು ಉಳಿಯುವುದಿಲ್ಲ, ಕಾಂಪೌಂಡ್ ಮೈಯೆಲ್ಲ ಸಿಡಿಯುತ್ತದೆ. ಆದರೂ ದಿನಾ ಒಗೆದ ಬಿಳಿ ಅಂಗಿಯೇ ಬೇಕು. ಸಂಜೆ ಉಣ್ಣೆಯ ಪ್ಯಾಡುಗಳನ್ನು ತೊಳೆದು, ಅಂಟಿಕೊಂಡ ಕೂದಲನ್ನು ಬೆರಳಿನಿಂದ ಬಿಡಿಸುತ್ತ ಕೂತಾಗ ಮಾತ್ರ ಅವರು ಥೇಟು ಹಟ್ಟಿಯ ಮನುಷ್ಯ. ಹೊಸ ಪ್ಯಾಡು ಬಂದರೆ ಮೊದಲು ಮೂಸುವರು. ಕುರಿ ವಾಸನೆ ಇಲ್ಲದಿದ್ದರೆ ಅಂಗಡಿಯವನಿಗೆ ಬೈಗುಳ.

ಸಿಟ್ಟು ಬಂದರೆ ಯಾರೆಂದೂ ನೋಡುತ್ತಿರಲಿಲ್ಲ. ದಬ್ಬೇಘಟ್ಟದ ಕಡೆಯ ತೋಟದವರೊಬ್ಬರು ಹೊಸ ಕಾರನ್ನು ಕೊಂಡ ಮೊದಲ ವಾರವೇ ತಂದಿದ್ದರು. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಗೀರು. ಕೇಳಿದರೆ, ತೆಂಗಿನ ನಾರಿನಿಂದ ಉಜ್ಜಿ ತೊಳೆದೆ ಅಂದರು. "ಎತ್ತು ತಿಕ್ಕೋ ಹಂಗೆ ತಿಕ್ಕಿದ್ದೀರಲ್ರೀ!" ಎಂದು ಇವರು ಕೂಗಾಡಿದ್ದನ್ನು ಕೇಳಿ ರಸ್ತೆಯಾಚೆಯ ಟೀ ಅಂಗಡಿಯವರೂ ಎದ್ದು ಬಂದರು. ತೋಟದವರು ನಗುತ್ತ, "ಎತ್ತಿಗೆ ಏನೂ ಆಗ್ನಿಲ್ಲ ಕಣಪ್ಪ" ಅಂದರು. ಆ ಕಾರಿನ ಕೆಲಸ ಮುಗಿಸಿಕೊಟ್ಟ ದಿನ ಅವರನ್ನು ಕೂರಿಸಿಕೊಂಡು, ಕಾರು ಹೇಗೆ ತೊಳೆಯಬೇಕೆಂದು ಬಕೆಟ್ಟು ನೀರು ಇಟ್ಟು ಪಾಠ ಮಾಡಿ ಕಳಿಸಿದರು.

ಅವರ ಹೆಂಡತಿ ಒಂದು ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ಎಷ್ಟು ಮಾತಾಡುತ್ತಿದ್ದರೋ ಈಕೆ ಅಷ್ಟು ಕಡಿಮೆ. ಮಧ್ಯಾಹ್ನ ಬುತ್ತಿ ತಂದಿಟ್ಟು, ಗಂಡ ಉಣ್ಣುವವರೆಗೆ ನನ್ನ ಅಂಗಡಿಯಲ್ಲಿ ಕೂತಿರುತ್ತಿದ್ದರು. ಆ ಮಂಡಿಯ ಸಾಹುಕಾರರು ಪಾಲಿಶಣ್ಣನ ಖಾಯಂ ಗಿರಾಕಿ. ಅವರದೊಂದು ದೊಡ್ಡ ಕಪ್ಪು ಕಾರು, ಗಟ್ಟಿ ಬಣ್ಣದ್ದು. ಅದರ ಕೆಲಸ ಬಂತೆಂದರೆ ಇವರಿಗೆ ಹಬ್ಬ.

ಬರುಬರುತ್ತ ಇವರು ನನ್ನನ್ನು ಕರೆಯುವುದು ಹೆಚ್ಚಾಯಿತು. ಮೊದಲು ಕೆಲಸ ಮುಗಿದ ಮೇಲೆ ಕರೆಯುತ್ತಿದ್ದವರು, ಈಗ ಕೆಲಸದ ನಡುವೆಯೂ ಗೋಡೆಯ ಮೇಲಿಂದ ಕತ್ತು ಹಾಕಿ, "ಒಂದ್ ನಿಮಿಷ ಬಾರವ್ವ. ಏನಾದ್ರೂ ಕಾಣ್ತದಾ ನೋಡು" ಅನ್ನುತ್ತಿದ್ದರು. ಹೊಗಳಿಸಿಕೊಳ್ಳುವ ಚಾಳಿ ಜಾಸ್ತಿಯಾಯಿತು ಅಂದುಕೊಂಡೆ. ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ, ಒಮ್ಮೆ ಕಣ್ಣಾಡಿಸಿ, "ಏನೂ ಇಲ್ಲಣ್ಣ, ಚೆನ್ನಾಗೈತೆ" ಎಂದು ಬರುತ್ತಿದ್ದೆ. ಗೆರೆ ನೋಡಲು ಅವರು ಟಾರ್ಚು ಬಿಡುತ್ತಿದ್ದರು. ಅದನ್ನೂ ನಿಲ್ಲಿಸಿದರು. "ಈಗಿನ ಟಾರ್ಚ್ ಸರಿ ಇಲ್ಲ. ಬೆಳಕು ಒಡೀತದೆ" ಅಂದರು. ಬಿಸಿಲನ್ನೂ ಬೈದರು.

ಒಂದು ದಿನ ನಾನು ಕಪ್ಪು ಸೀಟ್ ಕವರಿಗೆ ಕೆಂಪು ದಾರದಲ್ಲಿ ಅಂಚು ಹೊಲಿಯುತ್ತಿದ್ದೆ. ಅವರು ಬಂದು ಅದನ್ನು ಎತ್ತಿ ಹಿಡಿದು, "ಕಪ್ಪಿಗೆ ಕಪ್ಪೇ ದಾರ ಹಾಕಿದ್ದೀಯ, ಒಳ್ಳೇದಾಯ್ತು, ಗಂಭೀರವಾಗೈತೆ" ಅಂದರು. ಮಧ್ಯಾಹ್ನ ಅವರ ಹೆಂಡತಿ ಬಂದಾಗ ಮೆಲ್ಲಗೆ ವಿಷಯ ತೆಗೆದೆ.

"ಗೊತ್ತು ಕಣವ್ವ" ಅಂದರು ಆಕೆ. "ಸಾರಲ್ಲಿ ಬಿದ್ದ ನೊಣಾನ ಕರಿಬೇವು ಅಂತ ಪಕ್ಕಕ್ ಎತ್ತಿಟ್ರು ಮೊನ್ನೆ. ಹೇಳೋಂಗಿಲ್ಲ. ಹೇಳಿದ್ರೆ ಊಟ ಬಿಟ್ಟು ಎದ್ ಹೋಯ್ತಾರೆ."

"ಹಂಗಂತ ಬಿಡಕ್ಕಾಯ್ತದಾ?"

"ನೋಡಾನ ಇರು" ಅಂದರು.

ಊರಿನ ಕಲ್ಯಾಣ ಮಂಟಪವೊಂದರಲ್ಲಿ ಕಣ್ಣಿನ ಶಿಬಿರ ನಡೆದಾಗ ಆಕೆ ತಮಗೇ ಕಣ್ಣು ಮಂಜಾಗಿದೆ, ಕೊಬ್ಬರಿ ಆರಿಸಲು ಆಗುತ್ತಿಲ್ಲ ಅಂದರು. ಒಬ್ಬಳೇ ಹೋಗಲು ಭಯ, ನೀವೂ ಬನ್ನಿ ಅಂದರು. ನನ್ನನ್ನೂ ಜೊತೆಗೆ ಕರೆದರು. ದಾರಿಯುದ್ದಕ್ಕೂ ಇವರು ಹೆಂಡತಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು. ಕಣ್ಣು ಅಂದ್ರೆ ಆಟ ಅಲ್ಲ, ಮೊದಲೇ ಹೇಳಕ್ಕೇನಾಗಿತ್ತು, ಎಲ್ಲಾದಕ್ಕೂ ಅಸಡ್ಡೆ ಅಂತ. ಆಕೆ ಸೆರಗು ಹೊದ್ದು ಸುಮ್ಮನೆ ನಡೆದರು. ಅಲ್ಲಿ ಆಕೆಯ ಕಣ್ಣು ನೋಡಿ, ನಿಮಗೇನೂ ತೊಂದರೆ ಇಲ್ಲ ಅಂದರು. ಅಷ್ಟರಲ್ಲಿ ಆಕೆ ಎದ್ದು, ಗಂಡನ ಭುಜ ಹಿಡಿದು ಅದೇ ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದರು.

ಪರೀಕ್ಷೆ ಮಾಡುತ್ತಿದ್ದ ಹುಡುಗಿ ಎದುರಿನ ಬೋರ್ಡು ತೋರಿಸಿ ಓದಿ ಅಂದಳು. ಇವರು ಒಂದು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನೋಡಿ, "ಚೆನ್ನಾಗ್ ಬರ್ದವ್ರಮ್ಮ" ಅಂದರು.

"ಯಾವ ಅಕ್ಷರ ಕಾಣುತ್ತೆ ಅಜ್ಜ?"

"ಎಲ್ಲಾನೂ ಚೆನ್ನಾಗೇ ಅವೆ."

ಹುಡುಗಿ ನಗಲಿಲ್ಲ. ಇನ್ನೊಂದು ಕಣ್ಣು ಮುಚ್ಚಿಸಿದಳು. ಇವರು ಆಗಲೂ ಬೋರ್ಡಿನ ಕಡೆ ಮುಖ ಮಾಡಿ ಕೂತೇ ಇದ್ದರು. ಕೊನೆಗೆ ತಲೆ ತಗ್ಗಿಸಿ, "ಮಂಜ್ ಮಂಜಾಗದೆ ತಾಯಿ" ಅಂದರು. ಅಷ್ಟು ಸಣ್ಣ ದನಿ ಅವರಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಎರಡೂ ಕಣ್ಣಿಗೆ ಪೊರೆ. ಮೊದಲು ಒಂದು, ಕೆಲವು ತಿಂಗಳು ಬಿಟ್ಟು ಇನ್ನೊಂದು ಆಪರೇಷನ್ ಆಯಿತು. ಅಷ್ಟು ಕಾಲ ಪಕ್ಕದ ಶೆಡ್ಡಿಗೆ ಬೀಗ. ಮಿಷನ್ನಿನ ಸದ್ದಿಲ್ಲದೆ ನನ್ನ ಹೊಲಿಗೆಯ ಸದ್ದೇ ನನಗೆ ದೊಡ್ಡದಾಗಿ ಕೇಳಿಸುತ್ತಿತ್ತು.

ಅವರು ಶೆಡ್ಡಿಗೆ ವಾಪಸು ಬಂದ ಬೆಳಿಗ್ಗೆ ಸಾಹುಕಾರರ ಕಪ್ಪು ಕಾರು ನಮ್ಮ ಅಂಗಡಿಯ ಮುಂದೆ ನಿಂತಿತ್ತು. ಸೀಟ್ ಕವರ್ ಹಾಕಲು ಬಿಟ್ಟುಹೋಗಿದ್ದರು. ಎಳೆಬಿಸಿಲು ಓರೆಯಾಗಿ ಬಾನೆಟ್ಟಿನ ಮೇಲೆ ಬಿದ್ದಿತ್ತು. ಪಾಲಿಶಣ್ಣ ಕಪ್ಪು ಕನ್ನಡಕ ಹಾಕಿಕೊಂಡು, ಹೊಸ ಬಿಳಿ ಅಂಗಿಯಲ್ಲಿ, ಮದುವೆ ಗಂಡಿನ ಹಾಗೆ ಬಂದರು. "ಎಲ್ಲಾ ಎಂಗ್ ಕಾಣ್ತದೆ ಗೊತ್ತೇನವ್ವ! ನಿನ್ ಮುಖದ ಮೇಲೆ ಇಷ್ಟೊಂದು ಮಚ್ಚೆ ಇದ್ವಾ?" ಅಂದರು. ನಾವು ನಕ್ಕೆವು. ಅವರು ಕನ್ನಡಕ ತೆಗೆದು ಕಾರಿನ ಕಡೆ ತಿರುಗಿದರು.

ಬಗ್ಗಿ ನೋಡಿದರು. ಸುತ್ತ ಒಂದು ಸುತ್ತು ಬಂದರು. ಬಾಗಿಲೆದುರು ಕುಕ್ಕರಗಾಲಿನಲ್ಲಿ ಕೂತರು. ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು.

"ಇದನ್ನ ಯಾರ್ ಮುಟ್ಟಿದ್ರು?"

"ನೀವೇ ಅಲ್ವಾ ಅಣ್ಣ, ದೀಪಾವಳಿ ಮುಂಚೆ."

"ಆಮೇಲೆ?"

"ಆಮೇಲೆ ಯಾರೂ ಮುಟ್ಟಿಲ್ಲ."

ನನ್ನನ್ನು ಹತ್ತಿರ ಕರೆದರು. ಬಾನೆಟ್ಟಿನ ಮೇಲೆ ತೆಳುವಾಗಿ, ಕೆರೆಯ ಮೇಲೆ ಗಾಳಿ ಹೋದಂತೆ, ಅಲೆ ಅಲೆಯಾಗಿ ಒಂದು ನೆರಳು. ಅವರು ತೋರಿಸದಿದ್ದರೆ ನನಗೆ ಕಾಣುತ್ತಿರಲಿಲ್ಲ. "ಇದು ಬಟ್ಟೆ ಗೀರಿದ್ದಲ್ಲವ್ವ. ಬಟ್ಟೆ ಗೆರೆ ಸುತ್ತಿರ್ತದೆ. ಇದು ಉಣ್ಣೆ ಪ್ಯಾಡ್ ಬಿಟ್ಟಿರೋದು. ಸ್ಪಂಜಲ್ಲಿ ತೆಗೀಬೇಕಾಗಿತ್ತು, ತೆಗ್ದಿಲ್ಲ. ನನ್ನ ಕೈ ಎಂಗೆ ಓಡಾಡ್ತದೋ ಅಂಗೇ ಐತೆ ನೋಡು." ಅವರು ಮಿಷನ್ ಹಿಡಿದವರಂತೆ ಎರಡೂ ಕೈ ಮುಂದೆ ಮಾಡಿ, ಬಾನೆಟ್ಟಿಗೆ ತಾಗದ ಹಾಗೆ ಗಾಳಿಯಲ್ಲಿ ಆಡಿಸಿದರು. ಕೆಳಗಿನ ಅಲೆ ಅವರ ಕೈ ಹೋದ ಕಡೆಯೇ ಹೋಗುತ್ತಿತ್ತು.

ಒಳಗೆ ಬಂದು ನಮ್ಮ ಸ್ಟೂಲಿನ ಮೇಲೆ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. ನಮ್ಮ ಯಜಮಾನರು ಸಮಾಧಾನ ಮಾಡಿದರು. "ಕಣ್ಣಲ್ಲಿ ಪೊರೆ ಇದ್ದಾಗ ಆಗಿದ್ದು ಕಣಣ್ಣ. ಯಾರೂ ಒಂದ್ ಮಾತು ಕೇಳಿಲ್ಲ. ಈಗ ನೀವೇ ಹೋಗಿ ಕೆಲಸ ಕೆಟ್ಟೈತೆ ಅಂದ್ರೆ ನಾಳೆ ಇಲ್ಲಿಗೆ ಯಾರ್ ಬತ್ತಾರೆ? ನಮಗೂ ಅದೇ ಗಿರಾಕಿಗಳು."

ಅದು ನಿಜವೇ. ಅವರಲ್ಲಿಗೆ ಬಂದ ಕಾರುಗಳೇ ನಮ್ಮಲ್ಲಿಗೂ ಬರುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಅವರ ಹೆಂಡತಿಯ ಕೆಲಸ ಅದೇ ಸಾಹುಕಾರರ ಮಂಡಿಯಲ್ಲಿ.

ಪಾಲಿಶಣ್ಣ ನನ್ನನ್ನು ನೋಡಿ, "ಎಲ್ರೂ ಚೆನ್ನಾಗೈತೆ ಅಂದ್ರಲ್ಲವ್ವ" ಅಂದರು.

"ಹೂಂ ಅಣ್ಣ. ಹಂಗೇ ಕಾಣ್ತಿತ್ತು."

"ಹಂಗಾದ್ರೆ ಅದಕ್ ಮುಂಚೆ? ಕಣ್ಣು ನೆಟ್ಟಗಿದ್ದಾಗ ಮಾಡಿದ್ನಲ್ಲ, ಒಂದ್ ಗೆರೆ ಇಲ್ದಂಗೆ. ಆವಾಗ್ಲೂ ಎಲ್ರೂ ಸುಮ್ನೇ ಚೆನ್ನಾಗೈತೆ ಅಂದ್ರಾ?"

ಕೆಟ್ಟ ಕೆಲಸವನ್ನೂ ಒಳ್ಳೆಯ ಕೆಲಸವನ್ನೂ ನಾವೆಲ್ಲ ಒಂದೇ ಮಾತಿನಲ್ಲಿ ಹೊಗಳಿದ್ದೆವು. ಅವರನ್ನು ಕುಗ್ಗಿಸಿ ಕೂರಿಸಿದ್ದು ಕೆಟ್ಟ ಕೆಲಸವಲ್ಲ, ಈ ಹೊಗಳಿಕೆ.

ಸಂಜೆ ಸಾಹುಕಾರರು ಕಾರು ಒಯ್ಯಲು ಬಂದರು. ದಪ್ಪ ಆಸಾಮಿ, ವಿಭೂತಿ, ಮೈಯಿಂದ ಸದಾ ಕೊಬ್ಬರಿಯ ವಾಸನೆ. ಒಳ್ಳೆಯವರೇ, ಆದರೆ ಮಾತು ಬಿರುಸು. ಪಾಲಿಶಣ್ಣ ಅವರಿಗಾಗಿಯೇ ಕಾದಿದ್ದರು.

"ಸಾವ್ಕಾರ್ರೆ, ಕಾರು ಇಲ್ಲೇ ಬುಟ್ಟೋಗಿ. ನಾನು ಮಾಡಿದ್ ಕೆಲಸ ಸರಿ ಇಲ್ಲ. ಇನ್ನೊಂದ್ ಸಲ ಮಾಡ್ಕೊಡ್ತೀನಿ."

"ಏನಾಗದೆ ಅದ್ಕೆ? ಹೊಳೀತಿಲ್ವಾ?"

"ಹೊಳೀತದೆ. ಬಗ್ಗಿ ನೋಡಿ."

ಸಾಹುಕಾರರು ಬಗ್ಗಿದರು. ಕಾಣಲಿಲ್ಲ. ಎಡಕ್ಕೆ ನಿಂತರು, ಬಲಕ್ಕೆ ನಿಂತರು. ಅಸಹನೆಯಿಂದ, "ಏನೂ ಇಲ್ವಲ್ಲಯ್ಯ, ನಿಂಗೆ ಹೊಸ ಕಣ್ಣು ಬಂದು ಏನೇನೋ ಕಾಣ್ತೈತೆ" ಅಂದರು. ಪಾಲಿಶಣ್ಣ ಬಿಡಲಿಲ್ಲ. "ಕಾರ್ ನೋಡ್ಬೇಡಿ. ಅದ್ರಲ್ಲಿ ಕಾಣೋ ಸೂರ್ಯನ ನೋಡಿ. ಅದ್ರ ಪಕ್ಕ, ಮೆಲ್ಲಗೆ ತಲೆ ಆಡಿಸಿ." ಸಾಹುಕಾರರು ತಲೆ ಆಡಿಸಿದರು. ಆಡಿಸುತ್ತಿದ್ದ ತಲೆ ತಟ್ಟನೆ ನಿಂತಿತು. ಕಂಡಿತು ಅಂತ ನನಗೆ ಗೊತ್ತಾಯಿತು. ಮುಖ ಕೆಂಪಾಯಿತು. ಬಾಗಿಲು ನೋಡಿದರು, ಮತ್ತೊಂದು ಬಾಗಿಲು ನೋಡಿದರು. ಎಲ್ಲ ಕಡೆ ಅಲೆ.

"ಕಣ್ಣು ಕಾಣ್ದೆ ನನ್ನ ಕಾರಿನ ಮೇಲೆ ಮಿಷನ್ ಆಡಿಸಿದ್ಯೇನಯ್ಯ?"

"ಹೂಂ, ಸಾವ್ಕಾರ್ರೆ."

"ಊರೆಲ್ಲಾ ಇದ್ರಲ್ಲೇ ತಿರುಗಿದ್ನಲ್ಲ ನಾನು!"

"ಇನ್ನೊಂದ್ ಸಲ ಮಾಡ್ಕೊಡ್ತೀನಿ."

"ಮುಟ್ಬೇಡ ನೀನು" ಎಂದು ಸಾಹುಕಾರರು ಕಾರು ಹತ್ತಿ ಹೊರಟುಹೋದರು.

ಮಾತು ಒಂದೇ ದಿನದಲ್ಲಿ ಯಾರ್ಡೆಲ್ಲ ಹರಡಿತು. ಆದರೂ ಇವರು ನಿಲ್ಲಲಿಲ್ಲ. ಕಣ್ಣು ಮಂಜಾದ ಕಾಲದಲ್ಲಿ ಮುಟ್ಟಿದ ಕಾರುಗಳು ಯಾರ್ಯಾರವು ಎಂದು ನೆನಪಿಸಿಕೊಂಡು, ಬಿಸಿಲೇರುವ ಮುನ್ನ ಒಬ್ಬೊಬ್ಬರ ಮನೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಕೆಲವರು ನಕ್ಕು ಕಾಫಿ ಕೊಟ್ಟು ಕಳಿಸಿದರು. ಟ್ಯಾಕ್ಸಿಯ ಹುಡುಗನೊಬ್ಬ, "ಇರ್ಲಿ ಬುಡಣ್ಣ, ನನ್ ಗಾಡಿ ನಾಳೆ ಇನ್ನೆಲ್ಲೋ ಉಜ್ಜಿಸ್ಕಂತದೆ" ಅಂದ. ಫೋಟೋ ಸ್ಟುಡಿಯೋದವರು ಮಾತ್ರ ಕಾರು ತಂದು ಬಿಟ್ಟರು. ಅವರಿಗೂ ಗೆರೆ ಕಂಡಿರಲಿಲ್ಲ. ಇಷ್ಟು ದೂರ ನಡೆದು ಬಂದಿದ್ದಾರಲ್ಲ ಎಂಬ ದಾಕ್ಷಿಣ್ಯ. ಹೊಸ ಕೆಲಸ ಬರುವುದು ಕಡಿಮೆಯಾಯಿತು. ನಮ್ಮ ಅಂಗಡಿಯೂ ಸ್ವಲ್ಪ ಕಾಲ ತಣ್ಣಗಾಯಿತು. ನಮ್ಮ ಯಜಮಾನರು ಅವರ ಜೊತೆ ಮಾತು ಕಡಿಮೆ ಮಾಡಿದರು.

ನಾನು ಅವರ ಹೆಂಡತಿಯನ್ನು ಕೇಳಿದೆ, ಮಂಡಿಯಲ್ಲಿ ಸಾಹುಕಾರರು ಏನಾದರೂ ಅಂದರಾ ಅಂತ. "ಏನೂ ಅಂದಿಲ್ಲ. ನೋಡ್ತಾರೆ, ಹೋಯ್ತಾರೆ" ಅಂದರು. ಬುತ್ತಿಯ ಬಟ್ಟೆ ಮಡಿಸುತ್ತ, "ಬ್ಯಾಡ ಅಂತ ನಾನೂ ಹೇಳ್ಬೋದಿತ್ತು ಕಣವ್ವ. ಮನೇಲಿ ಅಂಗೇ ಮುದುರ್ಕಂಡ್ ಕೂತಿದ್ರು. ಅದ್ನ ನೋಡಾಕಾಗ್ನಿಲ್ಲ. ಕೆಲಸ ಹೋದ್ರೆ ಇನ್ನೊಂದ್ ಮಂಡಿ" ಅಂದರು.

ಸೋನೆ ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ ಆ ಕಪ್ಪು ಕಾರು ಮತ್ತೆ ಬಂದು ನಿಂತಿತು. ಸಾಹುಕಾರರು ಇಳಿದು, ನಮ್ಮ ಕಡೆ ನೋಡದೆ, ಸೀದಾ ಪಕ್ಕದ ಶೆಡ್ಡಿಗೆ ಹೋದರು. ಜಗಳವಾಗುತ್ತದೆಂದು ನಾನು ಮಿಷನ್ ನಿಲ್ಲಿಸಿದೆ.

"ನನ್ನ ಕಣ್ಣು ಕೆಡಿಸ್ಬುಟ್ಟೆ ಕಣಯ್ಯ ನೀನು" ಅಂದರು ಸಾಹುಕಾರರು. "ಯಾವ ಕಾರ್ ನೋಡಿದ್ರೂ ಬಲೆ ಕಾಣ್ತದೆ. ಮದ್ವೆ ಮನೇಗ್ ಹೋದ್ರೆ ಬಾನೆಟ್ ನೋಡ್ಕಂಡ್ ನಿಂತಿರ್ತೀನಿ. ಬೀಗರು ಬಂದು, ಏನಾದ್ರೂ ಕಳ್ಕಂಡ್ರಾ ಅಂತಾರೆ. ಇದನ್ನ ಬೆಂಗಳೂರ್ಗೆ ತಗಂಡೋಗಿ ಮಾಡಿಸ್ದೆ. ಫಳಫಳ ಅಂತ ಕೊಟ್ರು. ಊರಿಗ್ ಬಂದು ಬಿಸಿಲಲ್ಲಿ ನಿಲ್ಸಿದ್ರೆ ಅಲೆ ಅಲ್ಲೇ ಐತೆ! ಕಾಣಲ್ಲ ಅನ್ಕಂಡವ್ರೆ. ನಂಗೆ ಕಾಣಲ್ಲ ಅನ್ಕಂಡವ್ರೆ!"

ಪಾಲಿಶಣ್ಣ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದ್ದು. "ಬನ್ನಿ, ಎಲ್ಲೆಲ್ಲಿ ಕಾಣ್ತದೆ ತೋರ್ಸಿ" ಅಂದರು.

ಆ ಕಾರು ದಿನಗಟ್ಟಲೆ ಶೆಡ್ಡಿನಲ್ಲಿತ್ತು. ಗಟ್ಟಿ ಬಣ್ಣ, ಇಬ್ಬರು ಕೈ ಆಡಿಸಿದ್ದು. ಇವರು ಅವಸರ ಮಾಡಲಿಲ್ಲ. ಒಂದು ಗೇಣು ಜಾಗ ಮಾಡಿ, ಗೆರೆ ಮುಚ್ಚುವ ಎಣ್ಣೆ ಹೋಗಲೆಂದು ಸ್ಪಿರಿಟ್ ಹಾಕಿ ಒರೆಸಿ, ಕಾರನ್ನು ಬಿಸಿಲಿಗೆ ತಳ್ಳಿಸಿ ನೋಡಿ, ಮತ್ತೆ ಒಳಗೆ ತಳ್ಳಿಸುತ್ತಿದ್ದರು. ತಳ್ಳಲು ನಮ್ಮ ಯಜಮಾನರೂ ಕೈ ಕೊಟ್ಟರು; ಮಾತು ಹಾಗೇ ಮತ್ತೆ ಶುರುವಾಯಿತು. ಮಂಡಿಯ ವ್ಯಾಪಾರ ಮುಗಿದ ಮೇಲೆ ಸಾಹುಕಾರರು ಬಂದು ಕುರ್ಚಿ ಹಾಕಿಕೊಂಡು ಕೂರುವರು. ಇಬ್ಬರಿಗೂ ವಾದ.

"ಇಲ್ಲೊಂದ್ ಉಳ್ದೈತೆ."

"ಎಲ್ಲಿ? ಅದಾ? ಉಗುರಾಡ್ಸಿ ನೋಡಿ. ಉಗುರ್ಗೆ ಸಿಕ್ತಾ?"

"ಸಿಕ್ತು."

"ಉಗುರ್ಗೆ ಸಿಗೋದು ತೆಗೆಯೋಕ್ ಹೋದ್ರೆ ಬಣ್ಣಾನೇ ಹರೀತದೆ. ಅದು ಇರ್ಲಿ ಬುಡಿ."

"ಇರ್ಲಿ ಅಂದ್ರೆ ಎಂಗಯ್ಯ?"

"ಅದು ನಿಮ್ದು. ಬಾಕಿದು ನಂದು."

ಕೆಲಸ ಮುಗಿದ ದಿನ ಅವರು ನನ್ನನ್ನು ಕರೆಯಲಿಲ್ಲ. ಸಾಹುಕಾರರನ್ನು ಕರೆದರು. ಇಬ್ಬರೂ ಅಕ್ಕಪಕ್ಕ ಬಗ್ಗಿ, ತಲೆಯನ್ನು ಒಂದೇ ಕಡೆ ವಾಲಿಸಿ, ಬಹಳ ಹೊತ್ತು ನೋಡಿದರು. ಸಾಹುಕಾರರು ಹೊಗಳಲಿಲ್ಲ. "ಹೂಂ" ಅಂದರು ಅಷ್ಟೆ. ಆ ಒಂದು 'ಹೂಂ'ಗೆ ಸಮನಾಗುವ ಯೋಗ್ಯತೆ ನನ್ನ ಬಾವಿ ನೀರಿಗೂ ಸ್ಟೀಲ್ ತಟ್ಟೆಗೂ ಇರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತ ಹೇಳಿದರೆ ಸುಳ್ಳಲ್ಲ.

ಅಲ್ಲಿಂದಾಚೆಗೆ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಸಾಹುಕಾರರು ಎಲ್ಲರ ಕಾರಿನಲ್ಲೂ ಬಲೆ ತೋರಿಸುತ್ತಿದ್ದುದೂ ಅದಕ್ಕೆ ಒಂದು ಕಾರಣ. ಆದರೆ ಇವರ ಕೈ ಸೋತಿತ್ತು. ಮಿಷನ್ನಿನ ನಡುಕ ಬೆರಳಿಗೆ ಇಳಿದು ತುತ್ತು ಹಿಡಿಯುವುದೂ ಕಷ್ಟವಾಗಿತ್ತು. ಹಟ್ಟಿಯಲ್ಲಿ ಹೆಂಡತಿಯ ತಮ್ಮಂದಿರಿದ್ದರು, ಬೋರನಕಣಿವೆ ಜಲಾಶಯದ ನೀರು ಬರುವ ತುಂಡು ಹೊಲವಿತ್ತು. ಶೆಡ್ಡು ಬಿಟ್ಟು ಹೋಗುತ್ತೇವೆ ಅಂದರು. ಸಾಮಾನು ಟೆಂಪೋದಲ್ಲಿ ಮುಂದೆ ಹೋಯಿತು. ಗಂಡ ಹೆಂಡತಿ ಇಬ್ಬರನ್ನೂ ತಾವೇ ಬಿಟ್ಟು ಬರುವುದಾಗಿ ಸಾಹುಕಾರರು ಕಾರು ತಂದರು. ನಾನೂ ಕಳಿಸಿ ಬರಲು ಹೊರಟೆ.

ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿನ ಕಡೆ ಹೋಗಿ, ಟಾರು ರಸ್ತೆ ಬಿಟ್ಟು ಹಟ್ಟಿಯ ದಾರಿಗೆ ತಿರುಗಿದೆವು. ಬಂಡಿ ಜಾಡಿನಷ್ಟೇ ಅಗಲ. ಎರಡೂ ಕಡೆ ಜಾಲಿ ಬೆಳೆದು ನಡುವೆ ಚಾಚಿತ್ತು. ಕಾರು ಸ್ವಲ್ಪ ಮುಂದೆ ಹೋಗುತ್ತಲೇ ಬಾಗಿಲಿಗೆ ಮುಳ್ಳು ತಾಗಿ ಕರ್ರ್ ಎಂದಿತು. ಮುಂದಿನ ಸೀಟಿನಲ್ಲಿದ್ದ ಪಾಲಿಶಣ್ಣ ನೆಟ್ಟಗಾದರು.

"ನಿಲ್ಸ್ರಿ! ನಿಲ್ಸ್ರಿ ಸಾವ್ಕಾರ್ರೆ! ಇಲ್ಲಿಂದ ನಾವು ನಡ್ಕಂಡ್ ಹೋಯ್ತೀವಿ."

"ಕೂತ್ಕಳಯ್ಯ. ಮನೆ ಬಾಗಿಲ್ಗೆ ಬಿಡ್ತೀನಿ ಅಂದಿದ್ದೀನಿ."

"ಗೀರ್ತದೆ ಕಣ್ರೀ!"

"ಗೀರ್ಲಿ ಬುಡು."

ಗೀರಲಿ ಎಂಬ ಮಾತನ್ನು ಪಾಲಿಶಣ್ಣನಿಗೆ ಕೂತು ಕೇಳಲಾಗಲಿಲ್ಲ. ಕಾರು ಮೆಲ್ಲಗಾದದ್ದೇ ಬಾಗಿಲು ತೆಗೆದು ಇಳಿದುಬಿಟ್ಟರು. ಕಾರಿನ ಮುಂದೆ ಹೋಗಿ, ಬಿಳಿ ಅಂಗಿಯ ತೋಳು ಮಡಿಸಿ, ಎಡಗಡೆಯ ಕೊಂಬೆಯನ್ನು ಹಿಡಿದು ಹಿಂದಕ್ಕೆ ಬಾಗಿಸಿ ನಿಂತರು. ಕಾರು ಒಂದು ಮಾರು ಮುಂದೆ ಬಂತು. ಬಲಗಡೆಗೆ ಓಡಿ ಇನ್ನೊಂದನ್ನು ಹಿಡಿದರು. ಅವರ ಹೆಂಡತಿ ಇಳಿಯಲು ಹೊರಟರು, "ನೀನ್ ಕೂತ್ಕ" ಎಂದು ಅಲ್ಲಿಂದಲೇ ಗದರಿದರು. ನಾನು ಇಳಿದು ಒಂದು ಕಡೆಯ ಕೊಂಬೆ ಹಿಡಿದೆ. ಸಾಹುಕಾರರು ಗಾಜು ಇಳಿಸಿ ಬೈಯುತ್ತಲೇ, ಆಮೆಯ ಹಾಗೆ ಕಾರನ್ನು ಅವರ ಹಿಂದೆ ನಡೆಸಿದರು. ಹೀಗೆ ಹಟ್ಟಿ ತಲುಪುವಾಗ ಪಾಲಿಶಣ್ಣನ ಮುಂಗೈಯೆಲ್ಲ ತರಚಿ ರಕ್ತ ಒಸರುತ್ತಿತ್ತು. ಅಂಗಿಯ ಬೆನ್ನು ಹರಿದಿತ್ತು.

ಹಟ್ಟಿಯವರು ನೀರು, ಮಜ್ಜಿಗೆ ತಂದರು. ಪಾಲಿಶಣ್ಣ ಮೊದಲು ಕಾರಿನ ಸುತ್ತ ಬಂದು ನೋಡಿದರು. ಮೊದಲಲ್ಲಿ ತಾಗಿದ ಒಂದೆರಡು ಗೆರೆ ಇದ್ದವು. ಸಾಹುಕಾರರು ತಾವೇ ಉಗುರಾಡಿಸಿ ನೋಡಿ, "ಸಿಗ್ತಿಲ್ಲ ಕಣಯ್ಯ, ಹೋಯ್ತದೆ" ಅಂದರು. ಯಾರ ಕೈಯಲ್ಲಿ ಹೋಗುತ್ತದೆ ಎಂದು ಇಬ್ಬರೂ ಹೇಳಲಿಲ್ಲ.

ಊಟ ಮಾಡಿ ನಾವು ಹೊರಟಾಗ ಹೊತ್ತು ಇಳಿದಿತ್ತು. ಕಳಿಸಿಕೊಡಲು ಎಲ್ಲರೂ ಅಂಗಳದಲ್ಲಿ ನಿಂತರು. ಪಾಲಿಶಣ್ಣ ನಿಲ್ಲಲಿಲ್ಲ. "ನಡೀರಿ, ನಾನ್ ಮುಂದೆ ಬತ್ತೀನಿ" ಎಂದು ಕಾರಿನ ಮುಂದೆ ಹೊರಟೇಬಿಟ್ಟರು. ಬೇಡವೆಂದರೆ ಕೇಳುವವರಲ್ಲ. ಮತ್ತೆ ಒಂದೊಂದೇ ಕೊಂಬೆ ಹಿಡಿದು ಸರಿಸುತ್ತ ಟಾರು ರಸ್ತೆಯವರೆಗೆ ಬಂದರು. ಅಲ್ಲಿ ಪಕ್ಕಕ್ಕೆ ನಿಂತು, ಓರೆ ಬಿಸಿಲಿಗೆ ಒಮ್ಮೆ ಬಗ್ಗಿ ಬಾಗಿಲು ನೋಡಿದರು. "ನಿಧಾನ ಹೋಗಿ. ತಿರುವಲ್ಲಿ ದನ ಬತ್ತವೆ" ಅಂದರು.

ಸಾಹುಕಾರರು ಕಾರು ಚಾಲೂ ಮಾಡಿದರೂ ತಕ್ಷಣ ಹೊರಡಲಿಲ್ಲ. ನಾವಿಬ್ಬರೂ ನೋಡುತ್ತ ಕೂತೆವು. ಪಾಲಿಶಣ್ಣ ಅದೇ ದಾರಿಯಲ್ಲಿ ವಾಪಸು ನಡೆದರು. ಈಗ ಯಾವ ಕೊಂಬೆಯನ್ನೂ ಹಿಡಿಯುವ ಕೆಲಸವಿರಲಿಲ್ಲ. ಜಾಲಿಯ ನಡುವೆ ಆರಾಮವಾಗಿ ಕೈ ಬೀಸಿಕೊಂಡು ಹೋದರು.